ಟ್ರಂಕಿನಿಂದ ಬಂದ ಪಾತ್ರ

ಹಿಮಾಯತ್‌ನಗರದ ನಮ್ಮ ಕನ್ನಡ ನಾಟಕ ಸಂಘದಲ್ಲಿ ವೇಷಗಳನ್ನು ಬಾಡಿಗೆಗೆ ತರುತ್ತಿರಲಿಲ್ಲ. ಯಾರ ಟ್ರಂಕಿನಲ್ಲಿ ಏನಿದೆಯೋ ಅದೇ ಅವರ ಪಾತ್ರ. ಕರಿ ಕೋಟಿದ್ದವರು ವಕೀಲರಾದರು. ನನ್ನ ಟ್ರಂಕಿನಲ್ಲಿ, ತೀರಿಕೊಂಡ ನಮ್ಮ ಅತ್ತೆ ಕಚ್ಚೆ ಹಾಕಿ ಉಡುತ್ತಿದ್ದ ಇಳಕಲ್ ಸೀರೆ ಇತ್ತು. ಹೀಗಾಗಿ ಇಪ್ಪತ್ತೆರಡನೇ ವಯಸ್ಸಿಗೇ ನಾನು ಮುದುಕಿಯಾದೆ.

ಒಮ್ಮೆಯಲ್ಲ, ಪ್ರತಿ ವರ್ಷ. ನಮ್ಮ ಯಜಮಾನರಿಗೂ ಅದೇ ಬೇಕಿತ್ತು. ಮುದುಕಿಯನ್ನು ಯಾರೂ ದಿಟ್ಟಿಸಿ ನೋಡುವುದಿಲ್ಲವಲ್ಲ!

ಒಂದು ವರ್ಷ ಸಿಟ್ಟಿಗೆದ್ದು ಆ ಸೀರೆಯನ್ನು ಇನ್ನೊಬ್ಬಾಕೆಗೆ ಕೊಟ್ಟುಬಿಟ್ಟೆ. ನಾಯಕಿಯ ಮಾತನ್ನೆಲ್ಲ ಬಾಯಿಪಾಠ ಮಾಡಿ ತಾಲೀಮಿಗೆ ಹೋದೆ. ಸೀರೆ ತೆಗೆದುಕೊಂಡಾಕೆಗೆ ಕಚ್ಚೆ ಹಾಕಲು ಬರಲಿಲ್ಲ. ಎರಡು ಹೆಜ್ಜೆ ಇಡುವಷ್ಟರಲ್ಲಿ ಸೀರೆ ಬಿಚ್ಚಿಕೊಂಡಿತು. “ಈ ಸೀರಿ ನಿಮಗಽ ಹೊಂದತೈತ್ರಿ” ಎಂದು ಕಾರ್ಯದರ್ಶಿಗಳು ಅದನ್ನು ಮತ್ತೆ ನನ್ನ ಕೈಗೇ ಕೊಟ್ಟರು. ನಾಟಕದ ದಿನ ಎಂದಿನಂತೆ ನನ್ನ ತಲೆಗೆ ಬಿಳಿ ಪೌಡರ್ ಬಿತ್ತು.

ಮನೆಯಲ್ಲಿ ಕ್ಯಾಮೆರಾ ಇರಲಿಲ್ಲ. ನಾನು ಫೋಟೋಕ್ಕೆ ನಿಲ್ಲುತ್ತಿದ್ದುದೇ ವರ್ಷಕ್ಕೊಮ್ಮೆ, ನಾಟಕದ ದಿನ, ಆ ವೇಷದಲ್ಲಿ.

ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದಾಗ ಹಳೆಯ ಫೋಟೋಗಳನ್ನೆಲ್ಲ ಗೋಡೆಗೆ ಸಾಲಾಗಿ ತೂಗುಹಾಕಿದರು. ಪ್ರತಿಯೊಂದರಲ್ಲೂ ನಾನಿದ್ದೆ: ಬಾಗಿದ ಬೆನ್ನು, ಕೈಯಲ್ಲಿ ಕೋಲು. ಆ ವರ್ಷವಷ್ಟೇ ಸಂಘಕ್ಕೆ ಸೇರಿದ್ದ ಹುಡುಗಿಯೊಬ್ಬಳು ಆ ತುದಿಯಿಂದ ಈ ತುದಿಯವರೆಗೂ ನೋಡಿಕೊಂಡು ಬಂದು ಕೇಳಿದಳು:

“ಆಂಟಿ, ನಿಮ್ಮ ಹರೇದಾಗಿನ ಫೋಟೋ ಒಂದೂ ಇಲ್ಲೇನ್ರಿ?”

“ಈಗ ನೋಡಿ ಬಂದ್ಯಲ್ಲ, ಎಲ್ಲಾ ಅವಽ” ಅಂದೆ.