ಹಿಮದ ಸಮುದ್ರದಲ್ಲಿ ಇಳಿದ ಕಳ್ಳ

ನಮ್ಮ ಕೊಪ್ಪಳದ ಸಾಲೆಯಲ್ಲಿ ಆಗ ಪಾಠವೆಲ್ಲ ಉರ್ದುವಿನಲ್ಲಿ. ಭೂಗೋಳದ ಮಾಸ್ತರರು ಒಂದು ವಾರ ಪುಸ್ತಕ ತೆರೆಯದೆ ಕಳ್ಳನ ಕಥೆ ಹೇಳಿದರು. ಚಿನ್ನದ ಗಡಿಯಾರ ಕದ್ದವನೊಬ್ಬ ಸೋಮವಾರ ಹೈದರಾಬಾದಿನಲ್ಲಿ ರೈಲು ಹತ್ತಿದ್ದಾನೆ, ಮಂಗಳವಾರ ಎಲ್ಲೋ ಇಳಿದಿದ್ದಾನೆ. ಎಲ್ಲಿ? ಎಲ್ಲರಿಗೂ ಒಂದೊಂದು ಚೀಟಿ, ಚೀಟಿಯಲ್ಲಿ ಎರಡೇ ಅಂಕಿ. ಮೊದಲನೆಯದು ನಕಾಶೆಯ ಅಡ್ಡಗೆರೆ, ಎರಡನೆಯದು ಉದ್ದಗೆರೆ. ಅಕ್ಷಾಂಶ, ರೇಖಾಂಶ ಎಂಬ ಮಾತುಗಳು ನನಗೆ ಸಿಕ್ಕಿದ್ದು ಎಷ್ಟೋ ವರ್ಷಗಳ ಮೇಲೆ. ಮೊದಲು ಹುಡುಕಿದವರು ಗೋಡೆಯ ಮೇಲಿನ ಜಗತ್ತಿನ ನಕಾಶೆಯನ್ನು ಶುಕ್ರವಾರದ ರಜೆಗೆ ಮನೆಗೆ ಒಯ್ಯಬಹುದಿತ್ತು.

ನನಗೆ ಅದು ಅಕ್ಕನಿಗಾಗಿ ಬೇಕಿತ್ತು. ನಕಾಶೆ ತೂಗುಹಾಕಿದ್ದ ತರಗತಿಗೆ ಬರುವ ಮೊದಲೇ ಅವಳನ್ನು ಸಾಲೆ ಬಿಡಿಸಿದ್ದರು. ಸಮುದ್ರ ಎಷ್ಟು ದೊಡ್ಡದೆಂದು ದಿನವೂ ಕೇಳುತ್ತಿದ್ದಳು. ನಾನು ಕೈ ಅಗಲಿಸಿ ತೋರಿಸುತ್ತಿದ್ದೆ, ದಿನಕ್ಕೊಂದು ಅಳತೆ.

ಚೀಟಿಯ ಎಡಕ್ಕೆ ಎಪ್ಪತ್ತಾರು, ಬಲಕ್ಕೆ ಹದಿನೈದು. ಎಪ್ಪತ್ತಾರನೇ ಅಡ್ಡಗೆರೆಯವರೆಗೆ ಬೆರಳೇರಿಸಿದೆ, ಹದಿನೈದರ ಉದ್ದಗೆರೆಗೆ ಸರಿಸಿದೆ. ಬೆರಳು ನಾರ್ವೆಯನ್ನೂ ದಾಟಿ ಹಿಮದ ಸಮುದ್ರದಲ್ಲಿ ನಿಂತಿತು. ಅರ್ಧ ತರಗತಿ ಆಗಲೇ ಅಲ್ಲಿಗೆ ಬಂದು ಕಂಗಾಲಾಗಿತ್ತು.

ಮನೆಗೆ ಬಂದಾಗ ಅಕ್ಕ ಶೇಂಗಾ ಸುಲಿಯುತ್ತಿದ್ದಳು. ರೊಟ್ಟಿ ಬಡಿಯುತ್ತಿದ್ದಳೋ ಏನೋ. ಎರಡನ್ನೂ ಬರೆದು ನೋಡಿದೆ, ಎರಡೂ ನಿಜವೆನಿಸಿದವು. ಶೇಂಗಾ ಮುಂದೆಯೂ ಬರುತ್ತದೆ, ಅದನ್ನೇ ಇಟ್ಟುಕೊಳ್ಳುತ್ತೇನೆ. ಕಳ್ಳ ಇಳಿದ ಜಾಗವನ್ನು ಅವಳಿಗೆ ಹೇಳಿದೆ.

"ಸೋಮವಾರ ಹೈದರಾಬಾದಿನ್ಯಾಗ ಹತ್ತಿದಾವ ಮಂಗಳವಾರ ಹಿಮದಾಗ ಇಳದ್ನೇನು? ಗಾಡಿ ಈಜಿಕೋತ ಹೋತೇನು?"

ಚೀಟಿಯಲ್ಲಿ ಹಾಗೇ ಇದೆ ಎಂದೆ. ಚೀಟಿ ಕಸಿದುಕೊಂಡಳು. ಬಿಟ್ಟ ಸಾಲೆಯ ಉರ್ದು ಅವಳಲ್ಲಿ ಇನ್ನೂ ಉಳಿದಿತ್ತು.

"ಕನ್ನಡ ಓದಿದಂಗ ಓದೀಯಲ್ಲೋ, ತಮ್ಮಾ. ಮಾಸ್ತರು ಬರದದ್ದು ಬಲಗಡೆಯಿಂದ."

ಮರುದಿನ ಹದಿನೈದನ್ನು ಮೊದಲು ಹಿಡಿದೆ. ಬೆರಳು ಇಂಡಿಯಾದೊಳಗೇ ಇಳಿಯಿತು, ಹೆಸರಿಲ್ಲದ ಜಾಗಕ್ಕೆ. ಎಡಕ್ಕೆ ಹುಬ್ಬಳ್ಳಿ, ಬಲಕ್ಕೆ ಬಳ್ಳಾರಿ, ನಡುವೆ ಕೂದಲೆಳೆಯಷ್ಟು ರೈಲಿನ ಗೆರೆ. ಯಾವ ಊರೆಂದು ಮಾಸ್ತರರು ಕೇಳಿದರು.

"ನಮ್ಮೂರು ರೀ."

ಮಾಸ್ತರರು ನಕ್ಕರು. ಎಲ್ಲರೂ ಬಾಗಿಲ ಕಡೆ ತಿರುಗಿದರು. ಒಬ್ಬ ಮಣೆಯ ಕೆಳಗೂ ಬಗ್ಗಿ ನೋಡಿದ.

ಒಗಟು ಬಿಡಿಸಿದವನು ನಾನೇ ಎಂದು ಬಹಳ ವರ್ಷ ಹೇಳಿಕೊಂಡು ಬಂದೆ. ಹೇಳಿ ಹೇಳಿ ಈಗ ಅಕ್ಕನಿಲ್ಲದೆ ನಾನೊಬ್ಬನೇ ಚೀಟಿ ಬಿಡಿಸಿದ ಒಂದು ಸಂಜೆಯೇ ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ. ಅದನ್ನು ನಂಬಬೇಡಿ.

ಶುಕ್ರವಾರ ಪಡಸಾಲೆಯ ತುಂಬ ನಕಾಶೆ ಹಾಸಿದೆವು. ಅಕ್ಕ ಮೊಣಕಾಲೂರಿ ಸಮುದ್ರಗಳನ್ನು ಗೇಣಿನಿಂದ ಅಳೆದಳು, ನನ್ನ ಕೈ ಅಳತೆಗಳೆಲ್ಲ ಸುಳ್ಳೆಂದು ತೀರ್ಮಾನಿಸಿದಳು. ಆಮೇಲೆ ಎರಡು ಗೆರೆಗಳ ಮೇಲೆ ಎರಡು ಬೆರಳು ಸರಿಸುತ್ತ ತಂದು, ಅವು ಕೂಡಿದಲ್ಲಿ ಒಂದು ಶೇಂಗಾಕಾಳು ಇಟ್ಟಳು. ಹುಬ್ಬಳ್ಳಿ, ಬಳ್ಳಾರಿ ಎರಡೂ ಮುಚ್ಚಿಹೋದವು.

"ಇದರ ಕೆಳಗ ಅದಾನ ನೋಡು ಕಳ್ಳ," ಎಂದು ಕಾಳನ್ನು ಎತ್ತಿ ಬಾಯಿಗೆ ಹಾಕಿಕೊಂಡಳು.