ಜಿನೋವಾದ ಚಡಾವಿನಲ್ಲಿ ದಾದಾಸಾಬ

ಯಲ್ಲಾಪುರದ ದಾದಾಸಾಬನಿಗೆ ದಾರಿ ತಪ್ಪುವುದೆಂದರೇನು ಎಂದೇ ಗೊತ್ತಿರಲಿಲ್ಲ. ಹದಿನೆಂಟು ವರ್ಷ ಅರಬೈಲ್ ಘಟ್ಟದಲ್ಲಿ ಎತ್ತಿನ ಗಾಡಿ ಹೊಡೆದವನು. ಅಲ್ಲಿ ಇರುವುದೇ ಒಂದು ರಸ್ತೆ. ಇಳಿದರೆ ಅಂಕೋಲೆಯ ಕಡಲು, ಏರಿದರೆ ಮನೆ. ತಪ್ಪಬೇಕೆಂದರೂ ತಪ್ಪುವುದೆಲ್ಲಿ? ಮೋಟಾರು ಲಾರಿಗಳು ಬಂದು ಬಾಡಿಗೆ ನಿಂತಾಗ ಎತ್ತು ಮಾರಿ ಮುಂಬಯಿಗೆ ಹೋದ, ಹಡಗಿನ ಬಾಯ್ಲರಿಗೆ ಕಲ್ಲಿದ್ದಲು ಎರಚುವ ಕೆಲಸ ಹಿಡಿದ. ಎತ್ತು ಮಾರಿದ ದಿನದಿಂದ ಆ ಕೈ ಗಾಡಿಯ ಹಗ್ಗ ಹಿಡಿದಿರಲಿಲ್ಲ.

೧೯೩೪ರ ಒಂದು ಬೆಳಿಗ್ಗೆ ಹಡಗು ಇಟಲಿಯ ಜಿನೋವಾ ಬಂದರಿನಲ್ಲಿ ನಿಂತಿತು. ಖಲಾಸಿಗಳ ಮೇಲಿನ ಯಜಮಾನ, ಭಟಕಳದ ಸಾರಂಗ, ಊರು ನೋಡಿ ಬರಲು ಬಿಟ್ಟ.

"ಐದಕ್ಕೆ ಹಡಗು ಕೂಗ್ತದೆ. ಕೂಗಿ ಅರ್ಧ ತಾಸಿಗೆ ಏಣಿ ಎತ್ತೂದೇ. ತಪ್ಪಿದ್ರೆ ನೀ ಇಲ್ಲೇ, ನಾವು ಮುಂಬಯಿಗೆ!"

ಮುಂಬಯಿ ಮುಟ್ಟಿದರೆ ಊರಿಗೆ ರಜೆ ಸಿಗುತ್ತಿತ್ತು. ಹೆಂಡತಿ ಬದ್ರುನ್ನಿಸಾಳ ಮುಖ ನೋಡದೆ ಹದಿನಾಲ್ಕು ತಿಂಗಳಾಗಿತ್ತು.

"ಇಳಿದ್ರೆ ಕಡಲು ಸಿಗ್ಲೇಬೇಕು. ಹೆದರಿಕೆ ಎಂತದು?" ಎಂದು ದಾದಾಸಾಬ ಹೊರಟೇಬಿಟ್ಟ.

ಊರೋ ಊರು! ಆರಾರು ಅಂತಸ್ತಿನ ಮನೆಗಳು, ನಡುವೆ ಗಾಡಿಯೂ ಹಿಡಿಸದಷ್ಟು ಸಣ್ಣ ಓಣಿ, ಮೇಲೆ ತುಂಬ ಒಣಹಾಕಿದ ಬಟ್ಟೆ. ಒಬ್ಬಾಕೆ ನಾಲ್ಕನೆಯ ಮಹಡಿಯಿಂದ ಹಗ್ಗ ಕಟ್ಟಿದ ಬುಟ್ಟಿ ಇಳಿಸಿದಳು. ಕೆಳಗಿದ್ದವನು ಈರುಳ್ಳಿ ತುಂಬಿದ. ಬುಟ್ಟಿ ಮೇಲೆ ಹೋಯಿತು. ಬದ್ರುನ್ನಿಸಾ ಕಂಡಿದ್ದರೆ ಮಹಡಿ ಕಟ್ಟಿಸೆಂದು ಹಟ ಹಿಡಿಯುತ್ತಿದ್ದಳು. ಒಂದು ಅಂಗಡಿಯಲ್ಲಿ ಕಡಲೆಹಿಟ್ಟಿನ ದಪ್ಪ ದೋಸೆ ತಿಂದ. ಖಾರವಿಲ್ಲ ಎಂಬುದೊಂದು ಬಿಟ್ಟರೆ ದೂರುವಂಥದ್ದೇನೂ ಇರಲಿಲ್ಲ.

ಗೋಪುರದ ಗಡಿಯಾರ ನಾಲ್ಕು ತೋರಿಸಿದಾಗ ಇಳಿಯತೊಡಗಿದ. ಓಣಿ ಇಳಿಯಿತು, ತಿರುಗಿತು, ಮತ್ತೆ ಮೆಟ್ಟಿಲು ಹತ್ತಿತು. ಇನ್ನೊಂದು ಇಳಿದ, ಅದು ಯಾರದೋ ಅಂಗಳದಲ್ಲಿ ಮುಗಿಯಿತು. ಮೂರನೆಯದು ಮೊದಲಿನ ದೋಸೆಯಂಗಡಿಗೇ ತಂದು ಬಿಟ್ಟಿತು. ಇಳಿದರೂ ಕಡಲು ಸಿಗದ ಊರೂ ಇರುತ್ತದೆಯೇ? ದಾದಾಸಾಬನಿಗೆ ನಿಜಕ್ಕೂ ಹೆದರಿಕೆಯಾಯಿತು.

ಅಷ್ಟರಲ್ಲಿ ಎದುರಿನ ಅಗಲ ರಸ್ತೆಯ ಚಡಾವಿನಲ್ಲಿ ಏರಲಾರದೆ ಒಂದು ಕುದುರೆಗಾಡಿ ಹಿಂದಕ್ಕೆ ಜಾರುತ್ತಿತ್ತು. ತುಂಬ ಪೀಪಾಯಿಗಳು, ಒಳಗೇನಿತ್ತೆಂದು ಕೇಳದಿರುವುದೇ ಕ್ಷೇಮ. ಮೀಸೆಯ ಗಾಡಿಯವನು ಕೂಗುತ್ತ ಚಾವಟಿ ಬೀಸುತ್ತಿದ್ದ.

"ಹೊಡದ್ರೆ ನಿಲ್ತದೇನೋ ಮಾರಾಯಾ!" ಎನ್ನುತ್ತ ದಾದಾಸಾಬ ಬದಿಯಲ್ಲಿದ್ದ ಕಲ್ಲೊಂದನ್ನು ಹಿಂದಿನ ಗಾಲಿಗೆ ಅಡ್ಡ ಕೊಟ್ಟ. ಗಾಡಿ ನಿಂತಿತು.

ನಿಂತಿದ್ದು ಸರಿ. ಆದರೆ ಅರಬೈಲಿನ ಗಾಡಿಯವರಲ್ಲಿ ಒಂದು ಕಟ್ಟಳೆಯಿದೆ. ಚಡಾವಿನಲ್ಲಿ ಗಾಲಿಗೆ ಕಲ್ಲು ಕೊಟ್ಟವನು ಗಾಡಿ ನೆತ್ತಿ ಮುಟ್ಟುವವರೆಗೆ ಅದರ ಹಿಂದೆಯೇ ಇರಬೇಕು; ನಡುವೆ ಬಿಟ್ಟುಹೋದವನ ಜೊತೆ ಯಾರೂ ಬೀಡಿ ಸಹ ಹಚ್ಚುವುದಿಲ್ಲ. ಇಲ್ಲಿ ನೋಡುವವರು ಯಾರು? ಯಾರೂ ಇಲ್ಲ. ದಾದಾಸಾಬ ಒಮ್ಮೆ ಗಡಿಯಾರದ ಕಡೆ, ಒಮ್ಮೆ ಬೆವತು ನಡುಗುತ್ತಿದ್ದ ಕುದುರೆಯ ಕಡೆ ನೋಡಿದ. ಆಮೇಲೆ ತನ್ನ ಹಣೆಬರಹಕ್ಕೆ ಬೈದುಕೊಂಡು ಕಲ್ಲನ್ನು ಕೈಗೆತ್ತಿಕೊಂಡ.

ಹತ್ತು ಹೆಜ್ಜೆ, ಕಲ್ಲು, ಉಸಿರು. ಮತ್ತೆ ಹತ್ತು ಹೆಜ್ಜೆ. ನೆತ್ತಿ ಮುಟ್ಟಿದಾಗ ಕೆಳಗೆ ಇಡೀ ಬಂದರು ಕಂಡಿತು. ತನ್ನ ಹಡಗೂ ಕಂಡಿತು. ಅದೇ ಕ್ಷಣ ಅದು ಕೂಗಿತು.

"ನಂದು! ನನ್ನ ಹಡಗು!" ದಾದಾಸಾಬ ಕೈ ಚಾಚಿದ. ಅವನ ಮುಖ ನೋಡಿದ ಮೀಸೆಯವನಿಗೆ ಬೇರೆ ಭಾಷೆ ಬೇಕಾಗಲಿಲ್ಲ. ಅಲ್ಲಿದ್ದ ಅಂಗಡಿಯವರನ್ನು ಕೂಗಿ ಕರೆದು ಪೀಪಾಯಿಗಳನ್ನು ಧಡಧಡ ಅವರ ಬಾಗಿಲಿಗೆ ಉರುಳಿಸಿದ, ಗಾಡಿ ತಿರುಗಿಸಿದ. ಇಳಿಜಾರಿನಲ್ಲಿ ಒಬ್ಬ ಹಿಂದೆ ಬ್ರೇಕು ಹಿಡಿಯಬೇಕು, ಒಬ್ಬ ಮುಂದೆ ಲಗಾಮು. ಬ್ರೇಕಿನ ಬಳಿ ತಾನು ಕೂತು ಲಗಾಮನ್ನು ದಾದಾಸಾಬನಿಗೆ ಚಾಚಿದ. ತನ್ನ ಲಗಾಮನ್ನು ಬೇರೆಯವನ ಕೈಗೆ ಕೊಡುವುದೆಂದರೆ ಎಷ್ಟು ದೊಡ್ಡದೆಂದು ಗಾಡಿಯವನಿಗೇ ಗೊತ್ತು. ದಾದಾಸಾಬ ಅದನ್ನು ಎರಡೂ ಕೈಯಲ್ಲಿ ಹಿಡಿದ.

"ಸಾವಕಾಶ, ಮಗಾ, ಸಾವಕಾಶ," ಎಂದ ಕುದುರೆಗೆ. ಯಲ್ಲಾಪುರದ ಮಾತು ಕುದುರೆಗೆ ಸರಿಯಾಗಿಯೇ ತಿಳಿಯಿತು. ಹಿಂದಿನಿಂದ ಮೀಸೆಯವನು ಎಡಭುಜ ತಟ್ಟಿದರೆ ಎಡಕ್ಕೆ, ಬಲಭುಜ ತಟ್ಟಿದರೆ ಬಲಕ್ಕೆ.

ಏಣಿಯ ಸರಪಳಿ ಸದ್ದು ಮಾಡುವಾಗ ದಾದಾಸಾಬ ಹಡಗು ಹತ್ತಿದ. ಸಾರಂಗನ ಬೈಗುಳ ಒಂದೂ ಕಿವಿಗೆ ಬೀಳಲಿಲ್ಲ. ಅಂಗೈಯಲ್ಲಿ ಲಗಾಮಿನ ತೊಗಲಿನ, ಕುದುರೆಯ ಬೆವರಿನ ವಾಸನೆಯಿತ್ತು. ಊಟದ ಗಂಟೆ ಹೊಡೆದರೂ ಆ ಕೈ ತೊಳೆಯಲು ಅವನಿಗೆ ಮನಸ್ಸೇ ಬರಲಿಲ್ಲ.