ತಲೆಬುರುಡೆಗೆ ರೊಟ್ಟಿ ಚೂರು

ಗೆಳೆಯರೇ, ನನಗೀಗ ಸಿಟ್ಟು ಬಂದಿದೆಯೋ ಇಲ್ಲವೋ, ನೀವೇ ಹೇಳಿ.

ಸಂಗೊಳ್ಳಿಯ ನಮ್ಮ ಮನೆಯ ಪಡಸಾಲೆಯಲ್ಲಿ ಇವತ್ತು ಅತ್ತೆ ಹೊಸ ಕೌದಿ ಹೊಲಿಯುತ್ತಿದ್ದರು. ಹಳೆಯ ಸೀರೆ, ಧೋತರಗಳ ತುಂಡುಗಳ ನಟ್ಟನಡುವೆ ದೊಡ್ಡ ತಲೆಬುರುಡೆಯೊಂದು ಹಲ್ಲು ಕಿರಿಯುತ್ತಿತ್ತು. ಧಾರವಾಡದಲ್ಲಿ ಕಾಲೇಜು ಓದುವಾಗ ಕೊಂಡ ನನ್ನ ಮೆಚ್ಚಿನ ರಾಕ್ ಬ್ಯಾಂಡಿನ ಕರಿ ಟೀ ಶರ್ಟಿನ ಚಿತ್ರವದು!

"ಅತ್ತಿ, ಇದನ್ಯಾಕ ಕತ್ತರಿಸಿದ್ರಿ?"

"ಅರಿವಿ ಗಟ್ಟಿ ಐತವಾ. ಹೊಚ್ಚಗೊಂಡ್ರ ಬೆಚ್ಚಗಿರತೈತಿ."

ಪಕ್ಕದಲ್ಲಿ ಸೂಜಿಗೆ ದಾರ ಪೋಣಿಸುತ್ತಿದ್ದ ನೆರೆಮನೆಯ ಗಂಗಕ್ಕ ಗಾಬರಿಯಾದರು. "ಯವ್ವಾ, ಬುರುಡಿ ಹೊಚ್ಚಗೊಂಡು ಮಲಗೂದೇನ್ರಿ? ಬಿಚ್ಚಿ ಒಗೀರಿ ಅದನ್ನ!"

ಎಸೆಯುವುದೇ? ಕತ್ತರಿಸಿದ್ದಕ್ಕೆ ಜಗಳ ತೆಗೆಯಲು ನಿಂತವಳು, ಈಗ ಅತ್ತೆಯ ಪರ ವಾದಿಸಬೇಕೇ?

ಅತ್ತೆ ಮಾತ್ರ ಬುರುಡೆಯನ್ನೇ ದಿಟ್ಟಿಸುತ್ತಿದ್ದರು. "ಪಾಪ, ಹಸದೈತಿ ಅದು. ಹಲ್ಲು ಹೆಂಗ ಬಿಟ್ಟೈತಿ ನೋಡು. ಒಂದು ಚೂರು ರೊಟ್ಟಿ ತಾ."

ಕೌದಿ ಹಸಿದಿರಬಾರದೆಂದು ಅದರ ಹೊಟ್ಟೆಯೊಳಗೆ ರೊಟ್ಟಿ ಚೂರಿಟ್ಟು ಹೊಲಿಯುವುದು ನಮ್ಮ ಅತ್ತೆಯ ಪದ್ಧತಿ. ಈ ಸಲ ಅದನ್ನು ಸರಿಯಾಗಿ ಬುರುಡೆಯ ಬಾಯಿಯ ಹಿಂದೆಯೇ ಇಟ್ಟರು. "ಇನ್ನ ನಿನ್ನ ಆ ಚೀರೂ ಹಾಡು ಹಚ್ಚವಾ, ಕೈ ಜಲ್ದಿ ಓಡತಾವ" ಎಂದರು. ಹಚ್ಚಿದೆ. ಗಿಟಾರಿನ ಅಬ್ಬರಕ್ಕೆ ಗಂಗಕ್ಕನ ಸೂಜಿಯೂ ಓಡತೊಡಗಿತು.

ಜಗಳ ಅಲ್ಲಿಗೇ ನಿಂತಿತು. ಇಷ್ಟು ವರ್ಷ ಆ ಬುರುಡೆಯನ್ನು ಎದೆಯ ಮೇಲೆ ಹೊತ್ತು ತಿರುಗಿದ ನಾನು, ಒಂದು ದಿನವೂ "ಊಟ ಆತೇನು?" ಎಂದು ಅದನ್ನು ಕೇಳಿರಲಿಲ್ಲ.